ಜೋಲು

ಟೊಕೊಪಿಯಾದ ಬೆಟ್ಟದ ನೆತ್ತಿಯಿಂದ ಇಳಿಸಿದ ತಂತಿಯ ತುಂಡು
ಮೇಜಿನ ಮೇಲೆ ಮಲಗಿದೆ, ಮೊಳದುದ್ದ.
ಮೂವತ್ತೊಂದು ವರ್ಷ ಕಡಲಿಗೆ ಮುಖ ಕೊಟ್ಟು ತೂಗಿದ್ದು.
ನಾನು ಎದುವೀಹಿಸ್ ಕೋಲ್ಕೆ. ಹುರಿ ಬಿಚ್ಚುವುದು ನನ್ನ ಕೆಲಸ.

ಹೊರಗಿನ ಹದಿನಾರು ಎಳೆ ಬಲಕ್ಕೆ ಸುತ್ತಿವೆ,
ಒಳಗಿನ ಹತ್ತು ಎಡಕ್ಕೆ;
ಒಂದು ಬಿಚ್ಚಿಕೊಳ್ಳಲು ಹೊರಟರೆ ಇನ್ನೊಂದು ಬಿಗಿಯುತ್ತದೆ.
ಜಗಳಗಂಟ ಗಂಡಹೆಂಡಿರನ್ನು ಕಂಡೇ ಯಾರೋ ಹೊಸೆದಿರಬೇಕು.
ನಡುವೆ ಏಳೆಳೆ ಉಕ್ಕು.
ಕರೆಂಟು ಅಲ್ಯೂಮಿನಿಯಮ್ಮಿನ ಪಾಲು, ಭಾರ ಉಕ್ಕಿನ ಪಾಲು
ಎಂದು ತರಬೇತಿಯಲ್ಲಿ ಹೇಳಿಕೊಟ್ಟರು. ಪೂರ್ತಿ ನಿಜವಲ್ಲ.
ಅಲ್ಯೂಮಿನಿಯಮ್ಮೂ ಒಂದಿಷ್ಟು ಎಳೆತ ತಾಳುತ್ತದೆ,
ಹೇಳಿಕೊಳ್ಳುವುದಿಲ್ಲ ಅಷ್ಟೆ.

ಎರಡನೇ ಸುತ್ತು ಬಿಚ್ಚಿದೆ. ಬಿಳಿ ಪುಡಿ ಉದುರಿತು,
ಹಲ್ಲುಪುಡಿಯ ಹಾಗೆ, ವಾಸನೆಯಿಲ್ಲದ್ದು.
ಕಮಾಂಚಾಕ! ನಸುಕಿಗೆ ಕಡಲಿಂದ ಏರಿ ಬರುವ ಮಂಜು
ಈ ಮರಳಿಗೆ ಒಂದು ಹನಿ ಮಳೆ ತರುವುದಿಲ್ಲ,
ಉಪ್ಪನ್ನು ಮಾತ್ರ ಒಂದು ದಿನವೂ ಮರೆಯುವುದಿಲ್ಲ.
ಗ್ರೀಸು ಒಣಗಿದ ಸಂದಿಯಲ್ಲಿ ಕೂತು
ಮೊದಲು ಉಕ್ಕಿನ ಮೈಮೇಲಿನ ಸತುವನ್ನು ನೆಕ್ಕಿತು.
ಸತು ತೀರಿದ ಮೇಲೆ ಎರಡು ಲೋಹ ಬೆತ್ತಲೆ ಮುಟ್ಟಿಕೊಂಡವು.
ಮುಟ್ಟಿದಲ್ಲೆಲ್ಲ ಪುಡಿ.
ಹೊರಗಿನಿಂದ ನೋಡಿದರೆ ಏನಿಲ್ಲ,
ಒಂದು ಕಡೆ ತುಸು ಉಬ್ಬು, ಊಟ ಹೆಚ್ಚಾದವನ ಹೊಟ್ಟೆಯಂತೆ.

ಸಂಜೆ ತುಂಡನ್ನು ಮನೆಗೆ ಒಯ್ದೆ. ಒಯ್ಯಬಾರದು, ಒಯ್ದೆ.
ಅಪ್ಪ ಎರ್ಮೋಹೆನೆಸ್, ತಾಮ್ರದ ಕುಲುಮೆಯ ಮುಂದೆ
ರೆಪ್ಪೆ ಸುಟ್ಟುಕೊಂಡವನು, ಅಂಗೈಲಿ ತೂಗಿ ನೋಡಿದ.
'ಕೆಟ್ಲು ಮಾಡುವ ಲೋಹ' ಎಂದ.
'ಕಾಲಡಿಗೆ ಬೆಟ್ಟದಷ್ಟು ತಾಮ್ರ, ತಲೆ ಮೇಲೆ ಕೆಟ್ಲು!
ನಾಚಿಕೆಯಾಗಬೇಕು ನಿಮ್ಮ ಕಂಪನಿಗೆ.'
ಹಗುರ ಅಪ್ಪ, ಎಂದೆ. ಅಷ್ಟೇ ಕರೆಂಟು,
ತಾಮ್ರದ ಅರ್ಧ ತೂಕಕ್ಕೆ.
ಗೋಪುರಗಳನ್ನು ದೂರ ದೂರ ನಿಲ್ಲಿಸಬಹುದು.
ಮತ್ತೆ, ತಾಮ್ರದ ಹಾಗೆ ಕದ್ದೊಯ್ಯಲು ಯಾರೂ ಏಣಿ ತರುವುದಿಲ್ಲ.

ನಗುತ್ತಾನೆ ಅಂದುಕೊಂಡಿದ್ದೆ.
ಅವನು ತುಂಡನ್ನು ಮೆಲ್ಲಗೆ ಕೆಳಗಿಟ್ಟ.

'ನೀನು ಹುಟ್ಟುವ ವಾರ' ಎಂದ. 'ಕೆಲಸದಿಂದ ತೆಗೆದಿದ್ದರು.
ನಾನೂ ನೆಮೇಸಿಯೊನೂ ಹಳೆಯ ಸಾಲಿನಲ್ಲಿ
ಮೂರು ಕಂಬದ ತಾಮ್ರ ಇಳಿಸಿದೆವು, ರಿಪೇರಿಗೆಂದು
ಕರೆಂಟು ತೆಗೆದಿದ್ದ ರಾತ್ರಿ.
ಕಡಿದ ಕೂಡಲೇ ತಂತಿ ಚಾಟಿಯಾಗಿ ತಿರುಗಿ ಬಂತು.
ಅವನ ಕಿವಿ ಯಾಕಿಲ್ಲ ಅಂತ ಕೇಳುತ್ತಿದ್ದೆಯಲ್ಲ ಚಿಕ್ಕವಳಿದ್ದಾಗ.
ಊರಿಗೆ ಹನ್ನೊಂದು ದಿನ ಕತ್ತಲೆ.
ಒಂಬತ್ತನೆಯ ದಿನ ನೀನು.
ಸೀಮೆಎಣ್ಣೆ ದೀಪ ಅಮ್ಮನ ಕಡೆಗಿತ್ತು, ನಾನು ಗೋಡೆಯ ಕಡೆಗೆ ನಿಂತಿದ್ದೆ.
ಸೂಲಗಿತ್ತಿ ಬೈಯುತ್ತಲೇ ಇದ್ದಳು, ಕಳ್ಳರನ್ನು.'

ತಂತಿಯನ್ನು ಬಿಗಿಯಾಗಿ ಎಳೆದು ಕಟ್ಟಬಾರದು.
ನಡುಹಗಲಲ್ಲಿ ಕಾದು ಉದ್ದವಾಗುತ್ತದೆ, ನೆಲದತ್ತ ಇಳಿಯುತ್ತದೆ;
ರಾತ್ರಿ ಹೆಪ್ಪುಗಟ್ಟಿಸುವ ಚಳಿಗೆ ಮೇಲೆ ಸೆಳೆದುಕೊಳ್ಳುತ್ತದೆ.
ಎರಡಕ್ಕೂ ಆಗುವಷ್ಟು ಜೋಲು ಬಿಟ್ಟು ಕಟ್ಟುವುದೇ ಲೆಕ್ಕ.
ನಾನು ಆ ಲೆಕ್ಕದಲ್ಲಿ ಜಾಣೆ ಎಂದು ಹೆಸರಿದೆ.
ಅಪ್ಪನಿಗೆ ಏನು ಹೇಳಬೇಕೆಂದು ಹೊಳೆಯಲಿಲ್ಲ.
ಚಹಾ ತಣ್ಣಗಾಗಿದೆ ಎಂದೆ. ಬಿಸಿ ಮಾಡಿ ತಂದೆ, ಅದೇ ಕೆಟ್ಲಿನಲ್ಲಿ.

ಬೆಳಗ್ಗೆ ವರದಿ ಬರೆದೆ: ಕಡಲ ಕಡೆಯ ಹದಿನೆಂಟು ಗೋಪುರ,
ಹೊಸ ತಂತಿ, ಉಕ್ಕಿಲ್ಲದ ಮಿಶ್ರಲೋಹದ್ದು.
'ಕಾರಣ' ಎಂಬಲ್ಲಿ ಉಪ್ಪು ಎಂದಷ್ಟೇ ಬರೆದೆ.
ಮನೆಗೆ ಬಂದಾಗ ಅಪ್ಪ ಹೊಸ್ತಿಲಲ್ಲಿ ಕೂತು
ಒಂದು ಎಳೆಯನ್ನು ಮೊಣಕಾಲ ಮೇಲಿಟ್ಟು
ಹೆಬ್ಬೆರಳಿಂದ ನೆಟ್ಟಗೆ ಮಾಡುತ್ತಿದ್ದ.
ಕೆಟ್ಲಿನ ಲೋಹ, ಮೆತ್ತಗಿನದು, ಆದರೂ
ಸುತ್ತಿದ ತಿರುವು ಹೋಗುತ್ತಿರಲಿಲ್ಲ.
ಒತ್ತಿದಲ್ಲಿ ನೇರವಾಗಿ, ಕೈ ಸರಿಸಿದರೆ
ಇಲ್ಲದ ಉಕ್ಕಿನ ಸುತ್ತ ಮತ್ತೆ ಬಳುಕುತ್ತಿತ್ತು.